'ಸೇವ್ ಮಾಡಬೇಕಾ?' ಅಂತ ಕೇಳುವ ಮುಂಚೆ

ಒಂದು ಗಂಟೆ ಕೂತು ಟೈಪ್ ಮಾಡಿದ್ದು ಒಂದು ತಪ್ಪು ಕ್ಲಿಕ್ಕಿಗೆ ಹೋಗಬಾರದು, ಅದಕ್ಕೇ ಫೈಲ್ ಮುಚ್ಚುವಾಗ 'ಸೇವ್ ಮಾಡಬೇಕಾ?' ಅಂತ ಕೇಳುವ ಡೈಲಾಗ್ ಇರುವುದು. ಆದರೆ ಸುಮ್ನೆ ಫೈಲ್ ತೆರೆದು ನೋಡಿ ಮುಚ್ಚಿದವರಿಗೂ ಅದು ಎದುರಾದರೆ ಜನ ಓದುವುದನ್ನೇ ಬಿಡುತ್ತಾರೆ. ಆಮೇಲೆ ನಿಜವಾಗಿ ಬೇಕಾದ ದಿನವೂ ಕಣ್ಣುಮುಚ್ಚಿ ಒತ್ತುತ್ತಾರೆ.

ಹಾಗಾಗಿ ಆ್ಯಪ್ ಬರೆಯುವವರೇ, ಫೈಲ್ ಬದಲಾಗಿದೆಯಾ ಅಂತ ಮೊದಲು ಸರಿಯಾಗಿ ಗೊತ್ತುಮಾಡಿಕೊಳ್ಳಿ. ಕೀ ಒತ್ತಿದ ಕೂಡಲೇ 'ಬದಲಾಗಿದೆ' ಅನ್ನುವ ಒಂದು ಗುರುತು (ಫ್ಲ್ಯಾಗ್) ಏರಿಸಿಬಿಡುವುದು ಸುಲಭ, ಆದರೆ ಒಂದಕ್ಷರ ಹೊಡೆದು ಅನ್‌ಡೂ ಮಾಡಿದರೂ ಅದು ಏರಿದ್ದು ಇಳಿಯುವುದಿಲ್ಲ. ಆ್ಯಪ್ ಬರೆಯಲು ಬಳಸುವ ಕ್ಯೂಟಿ (Qt) ಲೈಬ್ರರಿಯಲ್ಲಿ ಬದಲಾವಣೆಗಳ ಪಟ್ಟಿ ಇಡುವ ಕ್ಯೂಅನ್‌ಡೂಸ್ಟ್ಯಾಕ್ ಇದೆ: ಸೇವ್ ಆದಾಗ ಸೆಟ್‌ಕ್ಲೀನ್ ಕರೆದುಬಿಡಿ, ಬಳಕೆದಾರರು ಅನ್‌ಡೂ ಮಾಡುತ್ತಾ ಅದೇ ಜಾಗಕ್ಕೆ ಬಂದರೆ 'ಕ್ಲೀನ್', ಅಂದರೆ ಉಳಿಸಬೇಕಾದ ಬದಲಾವಣೆ ಇಲ್ಲ, ಅಂತ ಅದೇ ಹೇಳುತ್ತದೆ.

ಮುಚ್ಚುವ ತನಕ ಕಾಯದೆ, ಉಳಿಸದ ಬದಲಾವಣೆ ಇದೆ ಅನ್ನುವ ಸುಳಿವನ್ನೂ ಕೊಡಿ. ಮ್ಯಾಕ್‌ನಲ್ಲಿ ಕೆಂಪು ಬಟನ್ನಿನ ನಡುವೆ ಚುಕ್ಕಿ ಬರುತ್ತದೆ. ವಿಂಡೋಸ್ ನೋಟ್‌ಪ್ಯಾಡ್‌ನ ಟೈಟಲ್‌ಗೆ ಇಂಥ ನಕ್ಷತ್ರ ಚಿಹ್ನೆ (*) ಬಂದಿದ್ದು 2019ರಲ್ಲಿ, ಅಷ್ಟು ತಡವಾಗಿ!

ಇನ್ನು ಬಟನ್‌ಗಳು. 'ಹೌದು', 'ಇಲ್ಲ' ದಯವಿಟ್ಟು ಬೇಡ. ಒಂದು ಆ್ಯಪ್ 'ಸೇವ್ ಮಾಡಬೇಕೇ?' ಅನ್ನುತ್ತದೆ, ಇನ್ನೊಂದು 'ಸೇವ್ ಮಾಡದೆ ಮುಚ್ಚಬೇಕೇ?' ಅನ್ನುತ್ತದೆ, ಎರಡರಲ್ಲೂ 'ಹೌದು' ಒತ್ತಿದರೆ ಒಂದರಲ್ಲಿ ಕೆಲಸ ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಪ್ರಶ್ನೆಯಲ್ಲಿ ಫೈಲಿನ ಹೆಸರಿರಲಿ, ಬಟನ್ನಿನ ಮೇಲೆ ಕೆಲಸದ ಹೆಸರಿರಲಿ: 'ಉಳಿಸು', 'ಉಳಿಸಬೇಡ'. ಮೂರನೆಯ ಬಟನ್ 'ಕ್ಯಾನ್ಸಲ್'ಗೆ ಕನ್ನಡದಲ್ಲಿ 'ರದ್ದುಮಾಡು' ಅಂತ ಹಾಕುವ ರೂಢಿ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ಏನನ್ನು ರದ್ದು ಮಾಡುವುದು? ನಾನು ಬರೆದದ್ದನ್ನಾ, ಮುಚ್ಚುವುದನ್ನಾ? 'ಮುಚ್ಚಬೇಡ' ಅಂದರೆ ಗೊಂದಲವೇ ಇಲ್ಲ, ಅಲ್ವಾ? ಎಸ್ಕೇಪ್ ಕೀ ಒತ್ತಿದರೂ ಇದೇ ಆಗಬೇಕು.

ಪೈಥಾನ್‌ನ ಟಿಕಿಂಟರ್ (ಕಿಟಕಿ, ಬಟನ್ ಮಾಡುವ ಲೈಬ್ರರಿ) ಬಳಸುವವರಿಗೆ ಒಂದು ಹಳ್ಳ ತೋರಿಸಿಬಿಡುತ್ತೇನೆ, ನಾನೇ ಬಿದ್ದದ್ದು. ಅದರ ಆಸ್ಕ್‌ಯೆಸ್‌ನೋಕ್ಯಾನ್ಸಲ್ 'ಇಲ್ಲ'ಕ್ಕೆ ಫಾಲ್ಸ್ ಕೊಡುತ್ತದೆ, 'ಕ್ಯಾನ್ಸಲ್'ಗೆ ನನ್ (None, 'ಏನೂ ಇಲ್ಲ' ಅನ್ನುವ ಬೆಲೆ) ಕೊಡುತ್ತದೆ. 'ಇಫ್ ನಾಟ್' ಅಂತ ಬರೆದರೆ ಎರಡೂ ಒಂದೇ ಆಗಿ, ಕ್ಯಾನ್ಸಲ್ ಒತ್ತಿದವರ ಕೆಲಸವೂ ಮಾಯ. ನನ್ ಬಂತಾ ಅಂತ ಮೊದಲು ಬೇರೆಯಾಗಿ ನೋಡಿ.

'ಉಳಿಸು' ಒತ್ತಿದ ಮಾತ್ರಕ್ಕೆ ಫೈಲ್ ಉಳಿಯಿತು ಅಂದುಕೊಳ್ಳಬೇಡಿ. ಡಿಸ್ಕ್ ತುಂಬಿರಬಹುದು, ಫೋಲ್ಡರಿನಲ್ಲಿ ಬರೆಯಲು ಅನುಮತಿ ಇಲ್ಲದಿರಬಹುದು. ಆ್ಯಪನ್ನು ಬಳಕೆದಾರರಿಗೆ ಕೊಡುವ ಮೊದಲು ಇಷ್ಟು ಮಾಡಿ ನೋಡಿ: ಹೊಸ ಫೈಲಿನಲ್ಲಿ ಏನಾದರೂ ಬರೆದು, ಮುಚ್ಚಲು ಹೋಗಿ, 'ಉಳಿಸು' ಒತ್ತಿ, ಹೆಸರು ಕೇಳುವ ಕಿಟಕಿಯಿಂದ ಹೆಸರು ಕೊಡದೆ ಹಿಂದೆ ಬನ್ನಿ. ಬರೆದದ್ದು ಇನ್ನೂ ಕಣ್ಣ ಮುಂದೆ ಇರಬೇಕು.