ಮೊದಲು ಗೇಟ್ ಅಳೆಯಿರಿ, ಆಮೇಲೆ ಮೆಷಿನ್ ನೋಡಿ

ನಾನು ಬೆಂಗಳೂರಿನಲ್ಲಿ, ವೈಟ್‌ಫೀಲ್ಡ್‌ನಿಂದ ಸರ್ಜಾಪುರ ರಸ್ತೆಯವರೆಗೆ, ತೋಟ ನೋಡಿಕೊಳ್ಳುವ ಕಾಂಟ್ರಾಕ್ಟ್ ಮಾಡುತ್ತೇನೆ. 11 ಅಪಾರ್ಟ್‌ಮೆಂಟ್, ಎರಡು ಶಾಲೆ, ಒಂದು ಕಂಪನಿ ಕ್ಯಾಂಪಸ್. ಒಂಬತ್ತು ಜನ ಕೆಲಸದವರು. ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಕೈಯಲ್ಲಿ ಹಿಡಿದು ಹುಲ್ಲು ಕತ್ತರಿಸುವ ಒಂದು ಬ್ರಶ್ ಕಟರ್, ಲಾನ್ ಮೇಲೆ ತಳ್ಳುವ ಒಂದು ಚಿಕ್ಕ ಕರೆಂಟ್ ಮೂವರ್. ಕೆಲಸ ಜಾಸ್ತಿಯಾಗಿ "ಹುಲ್ಲು ಕತ್ತರಿಸಲು ದೊಡ್ಡ ಮೆಷಿನ್ ಯಾವುದು ತಗೊಳ್ಳಲಿ ಅಕ್ಕಾ?" ಎಂದು ಕೇಳುವವರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ಕೊಂಡ ದೊಡ್ಡ ಮೆಷಿನ್ 42 ಇಂಚಿನದು, ಕೂತು ಓಡಿಸುವಂಥದ್ದು. ಅಂಗಡಿಯಲ್ಲಿ ಅದರ ಮೇಲೆ ಕೂತಾಗ ತುಂಬಾ ಖುಷಿಯಾಗಿತ್ತು. ಮಾರನೇ ದಿನ ಗಾಡಿಯಲ್ಲಿ ಹಾಕಿಕೊಂಡು ಒಂದು ಅಪಾರ್ಟ್‌ಮೆಂಟ್‌ಗೆ ಹೋದೆವು. ಅಲ್ಲಿನ ಲಾನ್ ಇರುವುದು ಪಾರ್ಕಿಂಗ್ ಚಾವಣಿಯ ಮೇಲೆ. ಹೋಗುವ ದಾರಿ ಕ್ಲಬ್‌ಹೌಸ್ ಪಕ್ಕದ ಒಂದು ಮೀಟರ್ ಅಗಲದ ಕಾಲುದಾರಿ. ಮೆಷಿನ್ ಒಳಗೆ ಹೋಗಲೇ ಇಲ್ಲ. ಅದು ಇಡೀ ದಿನ ಗೇಟಿನ ಹೊರಗೆ ನಿಂತಿತ್ತು. ಹುಡುಗರು ಬ್ರಶ್ ಕಟರ್ ಹಿಡಿದು ಬಿಸಿಲಲ್ಲಿ ಅಷ್ಟೂ ಹುಲ್ಲು ಕತ್ತರಿಸಿದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಹಾಗಾಗಿ ಮೊದಲ ಕೆಲಸ ಟೇಪ್ ಹಿಡಿದು ನಿಮ್ಮ ಎಲ್ಲಾ ಸೈಟ್ ಸುತ್ತುವುದು. ಪ್ರತಿ ಸೈಟ್‌ನಲ್ಲೂ ಎಲ್ಲಕ್ಕಿಂತ ಕಿರಿದಾದ ಜಾಗ ಯಾವುದು? ಮೆಟ್ಟಿಲು ಇದೆಯಾ, ಇಳಿಜಾರು ದಾರಿ ಇದೆಯಾ? ಸರ್ವಿಸ್ ಲಿಫ್ಟ್ ಬಾಗಿಲು ಎಷ್ಟು ಅಗಲ? ಎಲ್ಲವನ್ನೂ ಬರೆದಿಡಿ. 42 ಇಂಚು ಅಂದರೆ ಬ್ಲೇಡ್ ಕತ್ತರಿಸುವ ಅಗಲ ಮಾತ್ರ. ಹುಲ್ಲು ಹೊರಗೆ ಬೀಳುವ ತಗಡು ಪಕ್ಕಕ್ಕೆ ಚಾಚಿಕೊಂಡಿರುತ್ತದೆ, ಆದ್ದರಿಂದ ಮೆಷಿನ್ ಅದಕ್ಕಿಂತ ಅಗಲ. ಪಾರ್ಕಿಂಗ್ ಮೇಲಿನ ಲಾನ್ ಆದರೆ ಇನ್ನೊಂದು ವಿಷಯ ಇದೆ. ಭಾರದ ಮೆಷಿನ್ ಹತ್ತಿಸುವ ಮೊದಲು ಅಸೋಸಿಯೇಷನ್ ಕಡೆಯಿಂದ ಕಟ್ಟಡದ ಎಂಜಿನಿಯರ್ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ನಿಮ್ಮ ಗೂಡ್ಸ್ ಗಾಡಿಯ ಹಿಂಭಾಗವನ್ನೂ ಅಳೆಯಿರಿ. ಹತ್ತಿಸಲು ಗಟ್ಟಿ ರ‍್ಯಾಂಪ್ ಬೇಕೇ ಬೇಕು. ನಾಲ್ಕು ಜನ ಸೇರಿ ಎತ್ತುತ್ತೇವೆ ಎಂದರೆ ಯಾರದ್ದಾದರೂ ಸೊಂಟ ಹೋಗುತ್ತದೆ.

ಇನ್ನು ಲೆಕ್ಕ. ಹಿಂದೆ ನಡೆದು ಓಡಿಸುವ 21 ಇಂಚಿನ ಮೆಷಿನ್ ತಗೊಳ್ಳಿ, 21 ಇಂಚು ಅಂದರೆ ಸುಮಾರು 53 ಸೆಂಟಿಮೀಟರ್. ಹಿಂದೆ ನಡೆಯುವವರು ಗಂಟೆಗೆ 4 ಕಿಲೋಮೀಟರ್ ನಡೆದರೆ ಕಾಗದದ ಮೇಲೆ ಗಂಟೆಗೆ 2,100 ಚದರ ಮೀಟರ್ ಆಗುತ್ತದೆ. ಆದರೆ ತಿರುಗಿಸಬೇಕು, ಚೀಲ ಖಾಲಿ ಮಾಡಬೇಕು, ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರಬೇಕು. ನಿಜವಾಗಿ 1,500 ಅಂದುಕೊಳ್ಳಿ. ಅರ್ಧ ಎಕರೆಗೆ, ಅಂದರೆ ಸುಮಾರು 2,000 ಚದರ ಮೀಟರ್‌ಗೆ, ಒಂದು ಗಂಟೆ ಇಪ್ಪತ್ತು ನಿಮಿಷ. 42 ಇಂಚಿನದನ್ನು ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ಹತ್ತಿರ ಹತ್ತಿರ ಒಂದು ಗಂಟೆಗೆ ಒಂದು ಎಕರೆ ಮುಗಿಯುತ್ತದೆ. ಇದು ಬಯಲು ಜಾಗದ ಮಾತು. ಐದು ಮೀಟರ್‌ಗೊಂದು ಗಿಡ, ಬೆಂಚು, ದೀಪದ ಕಂಬ ಇದ್ದರೆ ಈ ಲಾಭ ಉಳಿಯುವುದಿಲ್ಲ. ಒಂದೇ ಕಡೆ ಒಂದು ಎಕರೆಗಿಂತ ಜಾಸ್ತಿ ಬಯಲು ಇದ್ದರೆ ಮಾತ್ರ ಕೂತು ಓಡಿಸುವ ಮೆಷಿನ್ ತಗೊಳ್ಳಿ. ನನ್ನ 42 ಇಂಚಿನದು ಈಗ ಕಂಪನಿ ಕ್ಯಾಂಪಸ್‌ನಲ್ಲೇ ಇರುತ್ತದೆ. ಅಲ್ಲಿ ಮೂರು ಎಕರೆ ಬಯಲಿದೆ, ಅದು ಚೆನ್ನಾಗಿ ದುಡಿಯುತ್ತಿದೆ. ಅಪಾರ್ಟ್‌ಮೆಂಟ್‌ಗಳಿಗೆ 21 ಇಂಚಿನ, ತಾನೇ ಮುಂದೆ ಚಲಿಸುವ ಮೆಷಿನ್ ಎರಡು ಇಟ್ಟಿದ್ದೇನೆ. ಹಿಡಿ ಮಡಚಿದರೆ ಲಿಫ್ಟ್‌ನಲ್ಲಿ ಹೋಗುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ.

ಇಳಿಜಾರು ಇದ್ದರೆ ಹುಷಾರು. ಕೂತು ಓಡಿಸುವ ಮೆಷಿನ್‌ಗಳಿಗೆ ಸಾಮಾನ್ಯವಾಗಿ 15 ಡಿಗ್ರಿ ಮಿತಿ. ಅದನ್ನು ಮೇಲೆ ಕೆಳಗೆ ಓಡಿಸಬೇಕು, ಅಡ್ಡಕ್ಕೆ ಅಲ್ಲ. ಹಿಂದೆ ನಡೆಯುವ ಮೆಷಿನ್ ಆದರೆ ಅಡ್ಡಕ್ಕೇ ಹೋಗಬೇಕು. ಕೆಲಸದವರಿಗೆ ಇದನ್ನು ಜಾಗದಲ್ಲೇ ನಿಂತು ತೋರಿಸಿ.

ಹುಲ್ಲು ಯಾವುದು ಎನ್ನುವುದೂ ಮುಖ್ಯ. ಬರ್ಮುಡಾ ಎಂದು ಮಾರುವುದು ನಾವು ಗಣಪತಿಗೆ ಇಡುವ ಗರಿಕೆಯ ಜಾತಿಯೇ. ಅದನ್ನು ತೀರಾ ಗಿಡ್ಡ ಮಾಡಿ ನುಣ್ಣಗೆ ಇಡಬೇಕಾದರೆ ಕತ್ತರಿಯಂತೆ ಕತ್ತರಿಸುವ ರೀಲ್ ಮೂವರ್ ಬೇಕು. ಗಾಲ್ಫ್ ಮೈದಾನಗಳಲ್ಲಿ ಅದೇ. ಆದರೆ ಅದರ ಬ್ಲೇಡ್‌ಗೆ ಒಂದು ಕಲ್ಲು ತಗುಲಿದರೂ ಸಾಣೆ ಹಿಡಿಸಬೇಕು. ನಮ್ಮ ಕೆಂಪು ಮಣ್ಣಿನ ಸೈಟ್‌ಗಳಲ್ಲಿ, ಕಟ್ಟಡದ ಜಲ್ಲಿ ಇನ್ನೂ ಮೇಲೆ ಬರುತ್ತಿರುವ ಕಡೆ, ಅದು ಬೇಡ. ತಿರುಗುವ ಬ್ಲೇಡಿನ ರೋಟರಿ ಮೆಷಿನ್ ಸಾಕು.

ಮಳೆಗಾಲವನ್ನು ನೆನಪಿಟ್ಟುಕೊಂಡೇ ಕೊಳ್ಳಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಹುಲ್ಲು ಹಸಿಯಾಗೇ ಇರುತ್ತದೆ. ಹಸಿ ಹುಲ್ಲು ಡೆಕ್ (ಬ್ಲೇಡ್ ಮೇಲಿನ ಮುಚ್ಚಳ) ಒಳಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ತೆಳು ತಗಡಿನ ಡೆಕ್ ಆದರೆ ಬೇಗ ತುಕ್ಕು ಹಿಡಿದು ತೂತಾಗುತ್ತದೆ. ದಪ್ಪ ಉಕ್ಕು ಅಥವಾ ಎರಕದ ಅಲ್ಯೂಮಿನಿಯಂ ನೋಡಿ. ಅಂಗಡಿಯ ಮುಂದೆ ಸಿಮೆಂಟ್ ನೆಲದಲ್ಲಿ ಓಡಿಸಿ ತೋರಿಸಿದರೆ ಏನೂ ತಿಳಿಯುವುದಿಲ್ಲ. "ಮಳೆ ಬಂದ ಮರುದಿನ ನಮ್ಮ ಸೈಟ್‌ಗೆ ತಂದು ತೋರಿಸಿ" ಎಂದು ಕೇಳಿ. ಮೂರು ಇಂಚು ಬೆಳೆದ ಹುಲ್ಲನ್ನು ಎರಡು ಇಂಚಿಗೆ ಕತ್ತರಿಸಲಿ. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬಾರದು, ಬುಡ ಹಳದಿಯಾಗುತ್ತದೆ. ಎಂಜಿನ್ ಉಸಿರು ಕಟ್ಟುತ್ತದಾ? ಹಿಂದೆ ಹುಲ್ಲಿನ ಮುದ್ದೆ ಬೀಳುತ್ತದಾ? ಆ ದಿನ ನೀವು ಓಡಿಸಬೇಡಿ. ದಿನಾ ಓಡಿಸುವ ಹುಡುಗನ ಕೈಗೆ ಕೊಡಿ. "ಅಕ್ಕಾ, ತಿರುಗಿಸುವಾಗ ಭುಜ ಹಿಡಿಯುತ್ತೆ" ಎಂದು ಅವನು ಹೇಳಿದರೆ ಆ ಮೆಷಿನ್ ಬೇಡ.

ಎಂಜಿನ್ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ: ಸಿಲಿಂಡರ್ ಒಳಗೆ ಎರಕದ ಕಬ್ಬಿಣದ ಸ್ಲೀವ್, ಅಂದರೆ ಬೇಗ ಸವೆಯದಂತೆ ಹಾಕುವ ಒಳ ಕೊಳವೆ, ಇದೆಯಾ? ಮನೆ ಬಳಕೆಯ ಅಗ್ಗದ ಎಂಜಿನ್‌ಗಳಲ್ಲಿ ಇದು ಎಷ್ಟೋ ಸಲ ಇರುವುದಿಲ್ಲ. ಹೋಂಡಾದ 163 ಸಿಸಿ ಜಿಎಕ್ಸ್‌ವಿ 160ರಂಥ ಎಂಜಿನ್‌ಗಳಲ್ಲಿ ಇರುತ್ತದೆ. ಬ್ಲೇಡ್, ಬೆಲ್ಟ್, ಏರ್ ಫಿಲ್ಟರ್, ಕ್ಲಚ್ ಕೇಬಲ್ ಊರಿನಲ್ಲೇ ಸಿಗುತ್ತದೆ ಎಂಬ ಅಂಗಡಿಯವರ ಮಾತು ನಂಬಿ ಸುಮ್ಮನಾಗಬೇಡಿ. ಕೊಳ್ಳುವ ದಿನವೇ ಒಂದೊಂದು ಸೆಟ್ ಕೈಗೆ ಕೊಡಿ ಎಂದು ಹೇಳಿ. ಕೊಡಲು ಆಗದಿದ್ದರೆ ಮಳೆಗಾಲದ ಮಧ್ಯೆ ಹೇಗೆ ಕೊಡುತ್ತಾರೆ?

ಪೆಟ್ರೋಲ್ ಬಗ್ಗೆಯೂ ಕೇಳಬೇಕು. 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಆದರೆ ಸಣ್ಣ ಎಂಜಿನ್‌ಗಳ ಹಲವು ಕೈಪಿಡಿಗಳಲ್ಲಿ 10 ಶೇಕಡಾವರೆಗೆ ಮಾತ್ರ ಎಂದು ಬರೆದಿರುತ್ತದೆ. ನಿಮ್ಮ ಮಾಡೆಲ್‌ಗೆ ಎಷ್ಟು ಆಗುತ್ತದೆ ಎಂದು ಕೈಪಿಡಿ ತೆರೆದು ಓದಿ. ಒಂದು ತಿಂಗಳು ಮೆಷಿನ್ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡನ್ನೂ ಖಾಲಿ ಮಾಡಿ.

ಬ್ಯಾಟರಿ ಮೆಷಿನ್ ಸದ್ದು ಕಡಿಮೆ, ಬೆಳಿಗ್ಗೆ ಬೇಗ ಶುರು ಮಾಡಬಹುದು. ಎರಡನೇ ಬ್ಯಾಟರಿಯ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಸುರಕ್ಷತೆಯಲ್ಲಿ ದಯವಿಟ್ಟು ರಾಜಿ ಬೇಡ. ಹಿಡಿಯ ಲಿವರ್ ಬಿಟ್ಟರೆ ಮೂರು ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು. ಕೊಳ್ಳುವ ಮೊದಲೇ ಬಿಟ್ಟು ನೋಡಿ. ಕೈ ನೋಯುತ್ತದೆ ಎಂದು ಕೆಲಸದವರು ಆ ಲಿವರನ್ನು ಹಗ್ಗದಿಂದ ಕಟ್ಟಿಬಿಡುತ್ತಾರೆ. ನನ್ನ ಸೈಟ್‌ನಲ್ಲೂ ಕಟ್ಟಿದ್ದರು. ಅದೇ ಮೆಷಿನ್‌ನಲ್ಲಿ ಸಿಕ್ಕಿಕೊಂಡ ಹುಲ್ಲು ತೆಗೆಯಲು ಒಬ್ಬ ಹುಡುಗ ಕೈ ಹಾಕಿದ. ಕೈಗವಸು ಹರಿಯಿತು, ಬೆರಳು ಉಳಿಯಿತು. ಲಿವರ್ ಹಗುರವಾಗಿದ್ದರೆ ಯಾರೂ ಕಟ್ಟುವುದಿಲ್ಲ, ಆದ್ದರಿಂದ ಅದನ್ನು ಹತ್ತು ನಿಮಿಷ ಹಿಡಿದು ನೋಡಿಯೇ ಆರಿಸಿ. ಮೆಷಿನ್ ದುಡ್ಡಿನ ಜೊತೆಗೇ ಶೂ, ಕನ್ನಡಕ, ಕಿವಿ ಮುಚ್ಚುವ ಮಫ್‌ಗೂ ದುಡ್ಡು ತೆಗೆದಿಡಿ. ಚಪ್ಪಲಿಯಲ್ಲಿ ಮೂವರ್ ಮುಟ್ಟಲು ಬಿಡಬೇಡಿ.

ಇನ್ನೊಂದು ಮಾತು ಸಾಲ ತೆಗೆಯುವವರಿಗೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಬಾರದು ಎಂದು ಆದೇಶ ಮಾಡಿತು, ತಪ್ಪಿದರೆ 5,000 ರೂಪಾಯಿ ದಂಡ. ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಶುದ್ಧೀಕರಿಸಿದ ನೀರು ಇದ್ದ ಸೈಟ್‌ಗಳಲ್ಲಿ ನನ್ನ ಲಾನ್ ಉಳಿಯಿತು. ಇಲ್ಲದ ಎರಡು ಕಡೆ ಒಣಗಿಹೋಯಿತು, ಆಮೇಲೆ ಅಲ್ಲಿ ಲಾನ್ ತೆಗೆದು ಗಿಡ ಹಾಕಿಸಿದರು. ಸಾಲದ ಕಂತು ಲೆಕ್ಕ ಹಾಕುವಾಗ ಎಸ್‌ಟಿಪಿ ನೀರಿರುವ ಸೈಟ್‌ಗಳ ಆದಾಯವನ್ನು ಮಾತ್ರ ಹಿಡಿಯಿರಿ.

ಮೆಷಿನ್ ಮನೆಗೆ ಬಂದ ದಿನ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಹೊಸ ಮೆಷಿನ್‌ಗಳು ಸಾಮಾನ್ಯವಾಗಿ ಆಯಿಲ್ ಇಲ್ಲದೆ ಬರುತ್ತವೆ, ಹಾಗೇ ಸ್ಟಾರ್ಟ್ ಮಾಡಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಮೊದಲ ಆಯಿಲ್ ಬದಲಾವಣೆ ಎಷ್ಟು ಗಂಟೆಗೆ ಎಂದು ಕೈಪಿಡಿಯಲ್ಲಿ ಇರುತ್ತದೆ. ನಾನು ಆ ಅಂಕಿಯನ್ನು ಹಿಡಿಯ ಮೇಲೆ ಟೇಪ್ ಅಂಟಿಸಿ ಬರೆಯುತ್ತೇನೆ, ಓಡಿಸಿದ ಗಂಟೆಗಳನ್ನು ಹುಡುಗರು ಅದರ ಕೆಳಗೆ ದಿನಾ ಗೀಟು ಹಾಕುತ್ತಾರೆ.