ಕೆರೆ ಇಳಿಯುವ ಹೊತ್ತಿಗೆ ಹಕ್ಕಿ ನೋಡಲು ಹೊರಡಿ

ಫೆಬ್ರವರಿ ಕೊನೆಗೆ ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಕೆರೆಯಿಂದ ಪಂಪ್ ಮಾಡಿ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುತ್ತಾರೆ. ದಿನದಿಂದ ದಿನಕ್ಕೆ ಕೆರೆ ಇಳಿಯುತ್ತದೆ, ಅಂಚಿನ ಕೆಸರು ಮೇಲೆ ಕಾಣುತ್ತದೆ. ಆ ಕೆಸರಲ್ಲಿ ಹುಳು, ಬಸವನಹುಳು, ಸಣ್ಣ ಮೀನು. ಹಕ್ಕಿಗಳಿಗೆ ಇನ್ನೇನು ಬೇಕು? ಚಳಿಗಾಲ ಕಳೆಯಲು ಬಂದ ವಲಸೆ ಹಕ್ಕಿಗಳೂ ಇನ್ನೂ ಹೊರಟಿರುವುದಿಲ್ಲ. ಜಿಗಣೆ ಕಾಟವೂ ಇಲ್ಲ. ಹೊಸದಾಗಿ ಹಕ್ಕಿ ನೋಡಲು ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ನಮ್ಮಲ್ಲಿ ಇಲ್ಲ.

ಮೊದಲು ಒಂದು ಕೆರೆ ಗೊತ್ತು ಮಾಡಿಕೊಳ್ಳಿ

ಹಾರಂಗಿ ಹಿನ್ನೀರು, ಚಿಕ್ಲಿಹೊಳೆ, ಸೋಮವಾರಪೇಟೆ ಬಳಿಯ ಹೊನ್ನಮ್ಮನ ಕೆರೆ ಎಲ್ಲವೂ ಚೆನ್ನಾಗಿವೆ. ಆದರೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ತೋಟದ ಕೆರೆಯೋ, ತೋಡಿನ (ಸಣ್ಣ ತೊರೆಯ) ಪಕ್ಕದ ಪಾಳು ಗದ್ದೆಯೋ ಇದ್ದರೆ ಅದನ್ನೇ ಹಿಡಿಯಿರಿ. ಹತ್ತು ಕೆರೆಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕೆರೆಗೆ ಹತ್ತು ವಾರ ಹೋದರೆ ಕಲಿಯುವುದು ಜಾಸ್ತಿ. ತೋಟದ ಕೆರೆಯಾದರೆ ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ.

ಇನ್ನೊಂದು ಮಾತನ್ನೂ ಕೇಳಲೇಬೇಕು: ಆನೆ ಎಲ್ಲಿದೆ? ಬೇಸಿಗೆಯಲ್ಲಿ ಆನೆಗಳು ನೀರು ಹುಡುಕಿಕೊಂಡು ತೋಟದ ಕೆರೆಗೆ ಬರುತ್ತವೆ. ಒಂದು ಬೆಳಿಗ್ಗೆ ತೋಟದ ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರು ನನ್ನನ್ನು ತಡೆದು, "ರಾತ್ರಿ ಮೂರು ಬಂದಿತ್ತು ಅಣ್ಣಾ, ಇನ್ನೂ ಹೋಗಿಲ್ಲ, ಇವತ್ತು ಬೇಡ" ಎಂದರು. ನಾನು ಅಲ್ಲಿಂದಲೇ ಮನೆಗೆ ತಿರುಗಿದೆ. ಹಕ್ಕಿ ನಾಳೆಯೂ ಇರುತ್ತದೆ. ಕತ್ತಲಲ್ಲಿ ಹೋಗಬೇಡಿ, ಒಬ್ಬರೇ ಹೋಗಬೇಡಿ. ಚೆನ್ನಾಗಿ ಬೆಳಕು ಹರಿದ ಮೇಲೆ, ಏಳರಿಂದ ಒಂಬತ್ತರವರೆಗೆ ನೋಡಿದರೆ ಸಾಕು.

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ತೆಗೆದುಕೊಳ್ಳಿ. 8 ಎಂದರೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಇಲ್ಲದಿದ್ದರೂ ತೊಂದರೆ ಇಲ್ಲ, ಸಣ್ಣ ಕೆರೆಗೆ ಕಣ್ಣೇ ಸಾಕು. ಮಣ್ಣಿನ ಬಣ್ಣದ ಬಟ್ಟೆ, ಟೋಪಿ, ಒಂದು ಪುಟ್ಟ ನೋಟ್‌ಬುಕ್.

ಏರಿ ಹತ್ತಬೇಡಿ, ಕೂತುಕೊಳ್ಳಿ

ಶುರುವಿನಲ್ಲಿ ನಾನು ಕೆರೆ ಕಂಡ ಕೂಡಲೇ ಸೀದಾ ಏರಿ ಹತ್ತಿ ನಿಲ್ಲುತ್ತಿದ್ದೆ. ಬಯಲಲ್ಲಿ ನಿಂತ ಆಳು ಹಕ್ಕಿಗೆ ಎಷ್ಟು ದೂರದಿಂದಲೂ ಕಾಣುತ್ತಾನೆ. ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಕೆರೆ ಖಾಲಿ. ಹಾಗಾಗಿ ಏರಿಯ ಕೆಳಗಿನಿಂದಲೇ ಬಂದು, ಸೂರ್ಯ ಬೆನ್ನಿಗಿರುವ ಕಡೆ, ಸಿಲ್ವರ್ ಮರದ ಬುಡದಲ್ಲೋ ಕಾಫಿ ಗಿಡದ ಮರೆಯಲ್ಲೋ ಸುಮ್ನೆ ಕೂರಿ. ಕಾಲು ಗಂಟೆ ಅಲುಗಾಡಬೇಡಿ. ಹಾರಿದವು ಒಂದೊಂದಾಗಿ ವಾಪಸ್ ಬರುತ್ತವೆ.

ಎಲ್ಲರ ಕಣ್ಣೂ ಮೊದಲು ನೀರಿನ ನಡುವೆ ಹೋಗುತ್ತದೆ, ಅಲ್ವಾ? ಅಲ್ಲಿ ಗುಳುಮುಳುಕ, ನೀರುಕಾಗೆ ಇರಬಹುದು. ನೋಡಿ, ಆಮೇಲೆ ಕಣ್ಣನ್ನು ದಡಕ್ಕೆ ತನ್ನಿ. ಕೆಸರು ನೀರು ಸೇರುವ ಆ ಮೊಳದಷ್ಟು ಅಗಲದ ಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ನೋಡಿ. ಬರೀ ಮಣ್ಣಿನ ಹೆಂಟೆ ಅಂದುಕೊಂಡದ್ದು ಕತ್ತು ಚಾಚುತ್ತದೆ. ಅದು ಕೊಳದ ಬಕ. ಕೂತಾಗ ಪೂರ್ತಿ ಕೆಸರು ಬಣ್ಣ, ಎದ್ದು ಹಾರಿದರೆ ರೆಕ್ಕೆ ಅಚ್ಚ ಬಿಳಿ.

ಅದರಾಚೆ ಪುಟ್ಟ ಕಂದು ಹಕ್ಕಿಯೊಂದು ಹಿಂಬದಿಯನ್ನು ಮೇಲೆ ಕೆಳಗೆ ಕುಣಿಸುತ್ತಾ ಕೆಸರು ಕುಕ್ಕುತ್ತಿದ್ದರೆ ಗೊರವ ಇರಬೇಕು. ಗೊರವಗಳಲ್ಲಿ ಹಲವು ಬಗೆ. ಎದೆಯ ಪಕ್ಕದ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದ ಕಡೆಗೆ ಏರಿದ್ದರೆ, ಹಾರುವಾಗ ರೆಕ್ಕೆ ಬಿಗಿಹಿಡಿದು ನೀರಿಗೆ ತಾಗುವಂತೆ ಹೋದರೆ ಅದು ಸಾಮಾನ್ಯ ಗೊರವ. ಹಾರಿದಾಗ ಬಾಲದ ಬುಡ ಬೆಳ್ಳಗೆ ಹೊಳೆದರೆ ಬೇರೆ ಗೊರವ. ಮೊದಲ ವರ್ಷ ಇಷ್ಟು ಗುರುತಿಸಿದರೆ ದೊಡ್ಡದು.

ಬಾಲ ಕುಣಿಸುವ ಇನ್ನೊಂದು ಹಕ್ಕಿ ಬೂದು ಸಿಪಿಲೆ. ಬೆನ್ನು ಬೂದು, ಹೊಟ್ಟೆ ಹಳದಿ, ಬಾಲ ಉದ್ದ. ಹಿಮಾಲಯದ ತೊರೆಗಳ ಬದಿ ಗೂಡು ಕಟ್ಟುವ ಈ ಹಕ್ಕಿ ನಮ್ಮ ತೋಡಿನ ಕಲ್ಲಿನ ಮೇಲೆ ಚಳಿಗಾಲ ಕಳೆಯುತ್ತದೆ. ನನಗೆ ಇದರ ಮೇಲೆ ವಿಶೇಷ ಪ್ರೀತಿ.

ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕೂಗತೊಡಗಿದರೆ ಕೂಡಲೇ ಹಿಂದೆ ಸರಿಯಿರಿ. ಮಾರ್ಚ್‌ನಿಂದ ಅದು ಬರೀ ನೆಲದ ಮೇಲೆ, ಕಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಕಲ್ಲಿನಂತೆಯೇ ಕಾಣುವುದರಿಂದ ಕಾಲಿಗೆ ಸಿಕ್ಕಿ ಒಡೆಯುತ್ತದೆ. ಫೋಟೋಗಾಗಿ ಹತ್ತಿರ ಹೋಗುವುದು, ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಎರಡೂ ಬೇಡ.

ಬರೆದಿಡಿ

ದಿನ, ಹೊತ್ತು, ನೀರು ಎಷ್ಟು ಇಳಿದಿದೆ, ಯಾವ ಹಕ್ಕಿ ಎಷ್ಟು. ಹೆಸರು ಗೊತ್ತಾಗದಿದ್ದರೆ ಕೊಕ್ಕು, ಕಾಲಿನ ಬಣ್ಣ, ನಡಿಗೆ ಬರೆಯಿರಿ. ಪ್ರತಿ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತದವರು 2013ರಿಂದ ಇದರಲ್ಲಿ ಸೇರುತ್ತಿದ್ದಾರೆ. ಕನಿಷ್ಠ 15 ನಿಮಿಷ ನೋಡಿ ಇ-ಬರ್ಡ್ ಎಂಬ ಜಾಲತಾಣದಲ್ಲಿ ಪಟ್ಟಿ ಹಾಕಿದರೆ ನಿಮ್ಮ ಕೆರೆಯೂ ಲೆಕ್ಕಕ್ಕೆ ಸಿಗುತ್ತದೆ.

ಏಪ್ರಿಲ್ ಹೊತ್ತಿಗೆ ತೋಡಿನ ಕಲ್ಲು ಖಾಲಿಯಾಗುತ್ತದೆ. ಸಿಪಿಲೆಯನ್ನು ಕೊನೆಯ ಸಲ ಕಂಡ ದಿನ ಯಾವುದು ಅಂತ ಗುರುತು ಹಾಕಿಕೊಳ್ಳಿ. ಪಕ್ಕದಲ್ಲಿ ಒಂದು ಸಾಲು ಖಾಲಿ ಬಿಡಿ. ಮಳೆ ಕಡಿಮೆಯಾಗುತ್ತಾ ಬಂದಂತೆ ಅದು ಮತ್ತೆ ಬಂದ ದಿನವನ್ನು ಅಲ್ಲೇ ಬರೆಯಬೇಕು.