ಕೊಯ್ದ ಮೀನು ಮನೆಬಾಗಿಲಿಗೆ: ಕಾರವಾರದಲ್ಲಿ ನಾನು ಹಾಕುವ ಲೆಕ್ಕ

ಕಾರವಾರದ ಮಾರ್ಕೆಟ್ಟಿಗೆ ಒಳ್ಳೆ ಬಂಗಡೆ ಬರುವ ಹೊತ್ತಿಗೆ ಕೈಗಾ ಅಣುಸ್ಥಾವರದ ಬಸ್ಸು ಹತ್ತುವವರು, ಅರ್ಗಾದ ನೌಕಾನೆಲೆಗೆ ಹೋಗುವವರು, ಬ್ಯಾಂಕು-ಶಾಲೆಯವರು ಮನೆ ಬಿಟ್ಟಾಗಿರುತ್ತದೆ. ಸಂಜೆ ವಾಪಸಾಗುವಾಗ ಉಳಿದ ಮೀನು ಮೆತ್ತಗಾಗಿರುತ್ತದೆ, ಕೊಯ್ಯಲು ಮೈಯೂ ಬಗ್ಗುವುದಿಲ್ಲ. ಬೆಳಿಗ್ಗೆ ಕೊಂಡು, ಕೊಯ್ದು, ಐಸಿನಲ್ಲಿಟ್ಟು, ಸಂಜೆ ಐದೂವರೆಯಿಂದ ಏಳರೊಳಗೆ ಮುಟ್ಟಿಸುವುದು ನನ್ನ ಕೆಲಸ.

ಆರ್ಡರು ಹಿಂದಿನ ರಾತ್ರಿ ಒಂಬತ್ತಕ್ಕೆ ಬಂದ್. ವಾಟ್ಸಾಪಿನಲ್ಲಿ ಮೀನಿನ ಹೆಸರು ಕೇಳುವುದಿಲ್ಲ. ನಾಳೆ ಬಲೆಗೆ ಏನು ಬೀಳುತ್ತದೋ ಯಾರಿಗೆ ಗೊತ್ತು. ಎಷ್ಟು ರೂಪಾಯಿಯದು, ಸಾರಿಗೋ ಹುರಿಯಲಿಕ್ಕೋ, ತಲೆ ಬೇಕೋ, ಯಾವ ಮೀನು ಬೇಡವೇ ಬೇಡ, ಇಷ್ಟೇ ಕೇಳುವುದು. ‘ಇಸವಣವೇ (ಅಂಜಲ್) ಬೇಕು’ ಎಂದು ಬರೆಸಿಕೊಂಡರೆ ರೇಟು ಏರಿದ ದಿನ ನಷ್ಟ ನಮ್ಮದೇ.

ಹೊಸ ಗಿರಾಕಿಯ ಮೊದಲ ತಕರಾರು ಗೊತ್ತಿದ್ದದ್ದೇ: “ಅಕ್ಕಾ, ಒಂದು ಕಿಲೋ ಅಂದಿದ್ರಿ, ತೂಗಿದ್ರೆ ಆರುನೂರೈವತ್ತೇ ಗ್ರಾಂ ಇದೆಯಲ್ಲ?” ತಲೆ, ಕರುಳು, ಬಾಲ ತೆಗೆದ ಬಂಗಡೆ ಕಿಲೋಗೆ 650ರಿಂದ 700 ಗ್ರಾಂ ಉಳಿಯುತ್ತದೆ, ಶೆಟ್ಲಿ (ಸಿಗಡಿ) ಸುಲಿದರೆ ಹತ್ತಿರಹತ್ತಿರ ಅರ್ಧ. ಹಾಗಾಗಿ ಚೀಟಿಯಲ್ಲಿ ಎರಡೂ ತೂಕ ಬರೆಯುತ್ತೇನೆ, ಕೊಂಡದ್ದು ಮತ್ತು ಕೊಟ್ಟದ್ದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರಿ ಮುದ್ರೆ ಹಾಕಿಸಲೇಬೇಕು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಇರಬೇಕು.

ಕೊಯ್ಯುವ ಕೂಲಿಯನ್ನು ಎಲ್ಲ ಮೀನಿಗೂ ಒಂದೇ ಇಟ್ಟರೆ ಶೆಟ್ಲಿ ನಿಮ್ಮನ್ನು ಮುಳುಗಿಸುತ್ತದೆ. ಮೆಟ್ಟುಗತ್ತಿಯ ಮೇಲೆ ಕೈ ಪಳಗಿದವರಿಗೆ ಒಂದು ಕಿಲೋ ಬಂಗಡೆ ಹತ್ತು ನಿಮಿಷದ ಕೆಲಸ. ಅಷ್ಟೇ ತೂಕದ ಸಣ್ಣ ಶೆಟ್ಲಿಗೆ, ಬೆನ್ನಿನ ಕಪ್ಪು ನರ ತೆಗೆಯುವುದೂ ಸೇರಿ, ಅರ್ಧ ಗಂಟೆ ಹಿಡಿಯುತ್ತದೆ. ನಾನು ಬಂಗಡೆಗೆ ಕಿಲೋಗೆ 30 ರೂಪಾಯಿ, ಶೆಟ್ಲಿಗೆ 90 ಹಾಕುತ್ತೇನೆ. ತಾರ್ಲೆಯನ್ನು (ಬೂತಾಯಿ) ಅರ್ಧ ಕಿಲೋಗಿಂತ ಕಡಿಮೆ ಒಪ್ಪಿಕೊಳ್ಳುವುದಿಲ್ಲ.

ಬಂಗಡೆಯ ಹೊಟ್ಟೆ ಸೀಳುವಾಗ ಕತ್ತಿ ಆಳಕ್ಕಿಳಿದರೆ ಪಿತ್ತ ಒಡೆದು ಮಾಂಸ ಕಹಿಯಾಗುತ್ತದೆ. ಕರುಳು ತೆಗೆದ ಮೇಲೆ ಬೆನ್ನುಮೂಳೆಗೆ ಅಂಟಿಕೊಂಡ ಕಡುಗೆಂಪು ರಕ್ತದ ಗೆರೆ ಉಳಿಯುತ್ತದೆ. ಅದನ್ನು ಹೆಬ್ಬೆರಳ ಉಗುರಿನಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಎಳೆದು ತೆಗೆಯಬೇಕು. ಸಂಜೆ ವಾಸನೆ ಬರುವುದು ಹೆಚ್ಚಾಗಿ ಅಲ್ಲಿಂದಲೇ. ಹೊಟ್ಟೆಯೊಳಗೆ ಚೆನ್ನಾಗಿ ತೊಳೆದ ಮೇಲೆಯೇ ತುಂಡು ಮಾಡುವುದು. ತುಂಡುಗಳನ್ನು ನೀರಿನಲ್ಲಿ ನೆನೆಹಾಕಿದರೆ ರುಚಿ ಹೋಗುತ್ತದೆ. ಉಪ್ಪು ಹಚ್ಚಿ ಕಳಿಸುವ ಉಪಕಾರವೂ ಬೇಡ, ನೀರು ಬಿಟ್ಟುಕೊಂಡು ತೂಕ ಇಳಿಯುತ್ತದೆ.

ಐಸಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಬಂಗಡೆ, ತಾರ್ಲೆ ಬೆಚ್ಚಗಾದರೆ ಅವುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ತಿಂದವರಿಗೆ ಮುಖ ಕೆಂಪೇರಿ ತುರಿಕೆ ಏಳುತ್ತದೆ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಆದ್ದರಿಂದ ಐಸ್ ಬಾಕ್ಸು ಮಾರ್ಕೆಟ್ಟಿಗೇ ಹೋಗಬೇಕು. ಮನೆಗೆ ತಂದಮೇಲೆ ಐಸು ಎಂದರೆ ತಡವಾಯಿತು. ಬೇಸಿಗೆಯಲ್ಲಿ ಮೀನಿನಷ್ಟೇ ತೂಕದ ಪುಡಿ ಐಸು, ಕೆಳಗೊಂದು ಪದರ, ಮೇಲೊಂದು. ಕೊಯ್ದ ಮೀನು ಮುಚ್ಚಳದ ಡಬ್ಬಿಯಲ್ಲಿರಲಿ, ಬಾಕ್ಸಿನ ತಳದ ತೂತು ತೆರೆದಿರಲಿ. ಕಾಳಿ ಹೊಳೆಯಾಚೆಯ ಸದಾಶಿವಗಡದ ಆರ್ಡರುಗಳು ಮೊದಲು ಹೊರಡುತ್ತವೆ: 2024ರ ಆಗಸ್ಟ್ 7ರಂದು ಕಾಳಿಯ ಹಳೆ ಸೇತುವೆ ಕುಸಿದ ಮೇಲೆ ಆ ದಾರಿಯ ಸಮಯ ನಂಬುವ ಹಾಗಿಲ್ಲ.

ಜೊತೆಗೆ ರುಬ್ಬಿದ ಮಸಾಲೆ ಕೇಳುವವರು ಬಹಳ. ಕಾಯಿತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ ಅಷ್ಟೇ ರುಬ್ಬಿ ಕೂಡಲೇ ಫ್ರಿಜ್ಜಿಗೆ. ಹೊರಗಿಟ್ಟರೆ ಮಧ್ಯಾಹ್ನದೊಳಗೆ ಹುಳಿವಾಸನೆ. ಸಾರಿಗೆ ಘಮ ಕೊಡುವ ಜುಮ್ಮನಕಾಯಿ, ಹುಳಿಗೆ ಹಾಕುವ ಮುರುಗಲ (ಕೋಕಂ) ಸಿಪ್ಪೆ ಬೇರೆ ಪೊಟ್ಟಣದಲ್ಲಿ. ಜುಮ್ಮನಕಾಯಿಯನ್ನು ರುಬ್ಬಿಬಿಟ್ಟರೆ ಸಾರು ಕಹಿ.

ತಲೆ-ಕರುಳನ್ನು ತೆಂಗಿನ ಬುಡದಿಂದ ದೂರ, ಎರಡಡಿ ಗುಂಡಿಯಲ್ಲಿ ತರಗೆಲೆ-ಮಣ್ಣು ಮುಚ್ಚಿ ಹೂಳಿ. ಒಂದಡಿ ತೋಡಿದರೆ ರಾತ್ರಿ ನಾಯಿ ಬಗೆಯುತ್ತದೆ.

ಸೋಮವಾರ, ಗುರುವಾರ ಆರ್ಡರು ಅರ್ಧಕ್ಕಿಳಿಯುತ್ತವೆ. ಬುಧವಾರ, ಭಾನುವಾರ ಕೊಯ್ಯಲು ಇನ್ನೊಬ್ಬರು ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಅದರ ಬೆನ್ನಿಗೇ ಶ್ರಾವಣ. ಆಗ ನಾಡದೋಣಿಯವರು ತಂದದ್ದು, ಕಾಳಿ ಹೊಳೆಯ ಬೆಳಚು (ಚಿಪ್ಪುಮೀನು), ಮತ್ತೆ ತಲೆ-ಬಾಲ ಮುರಿದು ಮರಳು ಕೊಡವಿದ ಒಣ ಶೆಟ್ಲಿಯ ಕಾಲು ಕಿಲೋ ಪೊಟ್ಟಣ. ಒಣಮೀನನ್ನು ಮೇ ತಿಂಗಳಲ್ಲೇ ಕೊಂಡು, ಮತ್ತೊಂದು ಬಿಸಿಲು ತೋರಿಸಿ, ಗಾಳಿಯಾಡದ ಡಬ್ಬಿಗೆ ತುಂಬಿಡುವುದು. ಮಳೆ ಶುರುವಾದ ಮೇಲೆ ಕೊಂಡದ್ದು ಬೂಸು ಹಿಡಿಯುತ್ತದೆ.